ಕೇಳದೆ ತೆಗೆದ ಹಿಮ

ಸೋಮವಾರ ಬೆಳಿಗ್ಗೆ ಆರೂಕಾಲಿಗೆ ಇಂಗ್ರಿಡ್ ಸ್ಟ್ರಾಂಡ್ ಸಲಿಕೆ ಹಿಡಿದು ಬಾಗಿಲು ತೆರೆದಾಗ ತೆಗೆಯುವುದಕ್ಕೆ ಹಿಮವೇ ಇರಲಿಲ್ಲ. ರಾತ್ರಿ ಬಿದ್ದದ್ದು ಆರು ಅಂಗುಲ. ಬೀದಿಯ ಮಿಕ್ಕ ಮನೆಗಳ ಮುಂದೆ ಅದು ಬಿದ್ದ ಹಾಗೆಯೇ ಬಿದ್ದುಕೊಂಡಿತ್ತು. ಇವಳ ಗ್ಯಾರೇಜಿನಿಂದ ರಸ್ತೆಯವರೆಗಿನ ದಾರಿ ಮಾತ್ರ ಕ್ಷೌರದ ಕುರ್ಚಿಯಿಂದ ಈಗಷ್ಟೇ ಎದ್ದ ಮದುಮಗನ ಗಲ್ಲದಂತೆ ನುಣ್ಣಗಿತ್ತು.

ಬೇರೆ ದಿನವಾಗಿದ್ದರೆ ಅವಳು ಪುಣ್ಯಾತ್ಮರು ಯಾರೋ ಎಂದುಕೊಂಡು ಕಾಫಿಗೆ ಮರಳುತ್ತಿದ್ದಳು. ಆದರೆ ಅಂದು ಕಾಕಸ್ಸಿನ ದಿನ. ಅಯೋವಾದ ನಾರ್‌ಬಿ ಎಂಬ ಆ ಸಣ್ಣ ಊರಿನಲ್ಲಿ ಅವಳ ಪಕ್ಷದವರೆಲ್ಲ ಸಂಜೆ ಏಳಕ್ಕೆ ಶಾಲೆಯ ಆಟದ ಹಾಲಿನಲ್ಲಿ ಸೇರಿ, ತಮಗೊಪ್ಪಿದ ಅಧ್ಯಕ್ಷ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲಬೇಕು. ಮತದ ಚೀಟಿಯಿಲ್ಲ, ಮರೆಮಾಡುವ ಪರದೆಯಿಲ್ಲ; ನಿಂತವರ ತಲೆ ಎಣಿಸಿದರೆ ಅದೇ ಮತ. ಯಾರು ಎಲ್ಲಿ ನಿಂತರೆಂಬುದನ್ನು ಪಾದ್ರಿಯಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಎಲ್ಲರೂ ಕಣ್ಣಾರೆ ನೋಡುತ್ತಾರೆ. ನೋಡಿದ್ದನ್ನು ನಾಲ್ಕು ವರ್ಷ ಮರೆಯುವುದಿಲ್ಲ.

ಇಂಗ್ರಿಡ್ ಎಲ್ಲಿ ನಿಲ್ಲಬೇಕೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಅವಳ ಕೆಲಸ ಬೀಜ ಪರೀಕ್ಷಾಲಯದಲ್ಲಿ. ಒದ್ದೆ ಕಾಗದದ ಮೇಲೆ ನಾಲ್ಕು ನೂರು ಕಾಳು ಹರಡಿ, ಏಳು ದಿನ ಕಾದು, ಮೊಳೆತವೆಷ್ಟು ಕೊಳೆತವೆಷ್ಟು ಎಂದು ಎಣಿಸಿದ ಮೇಲೆಯೇ ಬಾಯಿ ಬಿಡುವವಳು. ಅಭ್ಯರ್ಥಿಗಳನ್ನೂ ಹಾಗೆಯೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕಾಗದದ ಮೇಲೆ ನಾಲ್ಕು ತಿಂಗಳಿಂದ ಹರಡಿಟ್ಟಿದ್ದಳು. ಗವರ್ನರ್ ಹ್ಯಾಲ್‌ಸ್ಟೆಡ್ ಪ್ರತಿ ಊರಿಗೊಂದು ಶಿಶುಪಾಲನಾ ಕೇಂದ್ರ ಕೊಡುತ್ತೇನೆ ಎಂದಿದ್ದ. ಸೆನೆಟರ್ ಮಾರ್ಲೋ ಎಂಬಾಕೆ ಸಣ್ಣ ಊರಿನ ಆಸ್ಪತ್ರೆಗಳನ್ನು ಮುಚ್ಚಲು ಬಿಡೆನೆಂದಿದ್ದಳು. ಜನರಲ್ ಕ್ವಿಲ್ ಏನನ್ನೂ ಕೊಡುತ್ತೇನೆಂದಿರಲಿಲ್ಲ. ಕೆಲವು ದಿನ ಇಂಗ್ರಿಡ್‌ಗೆ ಅವನೇ ಎಲ್ಲರಿಗಿಂತ ಪ್ರಾಮಾಣಿಕನಾಗಿ ಕಾಣುತ್ತಿದ್ದ.

ನಾರ್‌ಬಿಯ ಶಿಶುಪಾಲನಾ ಕೇಂದ್ರ ಸೆಪ್ಟೆಂಬರಿನಲ್ಲಿ ಮುಚ್ಚಿತ್ತು. ಗಂಡ ನೆಲ್ಸ್ ಹಂದಿ ಸಾಗಿಸುವ ಲಾರಿಯಲ್ಲಿ ಹೋದರೆ ಶನಿವಾರವೇ ಮನೆಗೆ. ಅಂದಿನಿಂದ ಏಳು ವರ್ಷದ ಮಗಳು ಟಿಲ್ಡಾಳ ಮಧ್ಯಾಹ್ನಗಳು ಒಬ್ಬ ನೆರೆಯವರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಕೊಂಡು ಸಾಗಿದ್ದವು. ಹಾಗಾಗಿ ನೆರೆಯವರನ್ನು ಎದುರು ಹಾಕಿಕೊಳ್ಳುವಂತಿರಲಿಲ್ಲ. ಹಾಗೆಂದು ಆರು ಅಂಗುಲ ಹಿಮಕ್ಕೆ ತನ್ನ ತಲೆಯನ್ನು ಮಾರಿಕೊಳ್ಳುವ ಹೆಂಗಸೂ ಅವಳಲ್ಲ.

ಪಕ್ಕದ ಮನೆಯ ವರ್ನನ್ ಹೌಗೆನ್ ಅಂಗಳದಲ್ಲಿ ಹಿಮ ತೂರುವ ಯಂತ್ರವನ್ನು ಒರೆಸುತ್ತಿದ್ದ. ಮುಪ್ಪಿನ ಮನುಷ್ಯ, ಇಪ್ಪತ್ತನಾಲ್ಕು ವರ್ಷದಿಂದ ಕಾಕಸ್ ಸಭೆ ನಡೆಸುತ್ತ ಬಂದವನು. ಅವನ ಬೆನ್ನ ಹಿಂದೆ ಸೆನೆಟರ್ ಮಾರ್ಲೋ ಫಲಕ ಗಾಳಿಗೆ ತಲೆದೂಗುತ್ತಿತ್ತು.

"ವರ್ನನ್ ಅವರೇ, ನಮ್ಮ ಹಿಮ ನೀವು ತೆಗೆದ್ರಾ?"

"ಮಷೀನ್ ಶುರು ಮಾಡಿದ್ದೆ. ಹಾಗೇ ನಿಮ್ಮ ಕಡೇನೂ ಒಂದು ಸಲ ಓಡಿಸ್ದೆ."

"ಹನ್ನೊಂದು ವರ್ಷದಿಂದ ಶುರು ಮಾಡ್ತಿದ್ದೀರಿ. ಯಾವತ್ತೂ ಬೇಲಿ ದಾಟಿರ್ಲಿಲ್ಲ."

"ವಯಸ್ಸಾಯ್ತಲ್ಲಮ್ಮ, ಬೇಲಿ ಕಾಣಲ್ಲ," ಎಂದು ವರ್ನನ್ ಕೆಮ್ಮಿದ. "ಗಂಟಲೂ ಹೋಗಿದೆ ನೋಡು. ಜೋರಾಗಿ ಒಂದು ಮಾತಾಡೋಕಾಗಲ್ಲ. ಚಳಿ ಇಲ್ಲದ ಕಡೆ ಹೋಗಿ ಇರು ಅಂತಾಳೆ ಮಗಳು."

ಇಂಗ್ರಿಡ್ ಕೆಮ್ಮಿಗೆ ಮರುಳಾಗಲಿಲ್ಲ. ಸೆನೆಟರ್ ಆಸ್ಪತ್ರೆಯ ಕಡೆಯವಳು, ಈತ ಕೆಮ್ಮುತ್ತಿದ್ದಾನೆ. ಎರಡೂ ಸರಿಯಾಗಿಯೇ ಹೊಂದುತ್ತವೆ ಎಂದುಕೊಂಡಳು. ಯಾರ ಹಂಗೂ ಬೇಡವೆಂದು, ಆತ ಒಳಗೆ ಹೋದ ಮೇಲೆ, ಪಕ್ಕದ ಗುಡ್ಡೆಯಿಂದ ಹಿಮವನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ದಾರಿಗೆ ಮರಳಿ ಹಾಕಿದಳು. ಕೆಲಸದಲ್ಲಿ ಅಚ್ಚುಕಟ್ಟು ಅವಳ ಸ್ವಭಾವ. ಉದ್ದಕ್ಕೂ ಆರು ಅಂಗುಲವೇ ಇರುವಂತೆ ನೋಡಿಕೊಂಡಳು. ಋಣ ತೀರಿತು. ಏಳೂಕಾಲಿಗೆ ಅವಳ ಕಾರು ಅದೇ ಹಿಮದಲ್ಲಿ ಹೂತು ನಿಂತಿತು.

ವರ್ನನ್ ತನ್ನ ಪಿಕಪ್ ತಂದು ಸರಪಳಿ ಕಟ್ಟಿದ.

"ಇಲ್ಲಿ ಹಿಮ ಇರ್ಲಿಲ್ವಲ್ಲ."

"ಗಾಳಿಗೆ ಬಂದಿರ್ಬೇಕು."

ವರ್ನನ್ ಬಗ್ಗಿ ಗುರುತುಗಳನ್ನು ನೋಡಿದ. "ಇರ್ಬೋದು. ಸಲಿಕೆ ಹಿಡ್ಕೊಂಡು ಬಂದಿದೆ ಗಾಳಿ."

ಒಂದು ಋಣ ತೀರಿಸಲು ಹೋಗಿ ಎರಡಾದವು. ಅಷ್ಟರಲ್ಲಿ ಎದುರು ಮನೆಯ ಡೊರೀನ್ ಕ್ಲೈನ್ ಬಟ್ಟೆಯಲ್ಲಿ ಸುತ್ತಿದ ಗಾಜಿನ ಪಾತ್ರೆ ಹಿಡಿದು ರಸ್ತೆ ದಾಟಿದಳು. ಅರವತ್ತೆರಡರ ಆಕೆಯ ಕೋಟಿನ ಮೇಲೆ ಗವರ್ನರ್ ಹ್ಯಾಲ್‌ಸ್ಟೆಡ್‌ನ ಬಿಲ್ಲೆ ತಟ್ಟೆಯಗಲಕ್ಕಿತ್ತು.

"ತಗೋ ಮಗಳೇ, ಬೀಫ್ ಕ್ಯಾಸರೋಲು. ಬೇಯಿಸಿದ್ದಾಗಿದೆ, ಬಿಸಿ ಮಾಡ್ಕೊಂಡು ತಿಂದ್ರಾಯ್ತು. ಇವತ್ತು ಸಂಜೆ ಅಡುಗೆ ಮಾಡೋಕೆ ನಿಂಗೆಲ್ಲಿ ಟೈಮು?"

"ಬೇಡ ಡೊರೀನ್ ಅವರೇ. ನಾವು ಮಾಂಸ ಬಿಟ್ಟಿದೀವಿ."

"ಯಾವಾಗಿಂದ?"

"ನಿನ್ನೆಯಿಂದ."

"ನಿನ್ನ ಗಂಡ ಹಂದಿ ಲಾರಿ ಓಡಿಸ್ತಾನಲ್ಲೇ."

"ಓಡಿಸ್ತಾರೆ. ತಿನ್ನಲ್ಲ."

ಡೊರೀನ್ ವಾದಿಸಲಿಲ್ಲ, ಹಾಗೆಯೇ ಹಿಂತಿರುಗಿದಳು. ವಾದಿಸದೆ ಹೋದದ್ದು ಇಂಗ್ರಿಡ್‌ಗೆ ಇನ್ನಷ್ಟು ಅನುಮಾನ ತಂದಿತು. ಮಧ್ಯಾಹ್ನ ಹನ್ನೆರಡಕ್ಕೆ, ಅವಳು ಮೂರನೆಯ ನೂರು ಸೋಯಾ ಕಾಳು ಎಣಿಸುತ್ತಿರುವಾಗ, ಪರೀಕ್ಷಾಲಯದ ಮೇಜಿನ ಮೇಲೆ ಇನ್ನೊಂದು ಗಾಜಿನ ಪಾತ್ರೆ ಬಂದು ಕೂತಿತು.

"ಬರೀ ಆಲೂಗಡ್ಡೆ, ಚೀಸು, ಬೀನ್ಸು," ಎಂದಳು ಡೊರೀನ್. "ಎಷ್ಟು ಚೆನ್ನಾಗಿ ಎಣಿಸ್ತೀಯೇ. ಬೆರಳು ಕೂಡ ಮಡಿಸಲ್ಲ. ನನ್ನ ಗಂಡ ಹಾರ್ಲನ್‌ಗೆ ಕೋಳಿ ಎಣಿಸು ಅಂದ್ರೆ ದಿನಕ್ಕೊಂದು ಲೆಕ್ಕ ಹೇಳ್ತಾನೆ."

"ನನ್ನಿಂದ ಏನಾಗ್ಬೇಕು ಹೇಳಿಬಿಡಿ."

"ಊಟ ಮಾಡ್ಬೇಕು, ಅಷ್ಟೇ."

ಇಂಗ್ರಿಡ್ ಎಣಿಕೆ ತಪ್ಪಿ, ಮೊದಲ ಕಾಳಿನಿಂದ ಮತ್ತೆ ಶುರುಮಾಡಿದಳು. ಆರು ವರ್ಷದಲ್ಲಿ ಅದೇ ಮೊದಲು.

ಮೂರು ಗಂಟೆಗೆ ಫೋನು. ಶಾಲೆಯ ಬಸ್ಸು ಓಡಿಸುವ ರೊಸಾಲಿಯಾ ಬರಾಗಾನ್. ಬಸ್ಸಿನ ಬದಿಗೆ ಚೀಟಿ ಅಂಟಿಸಲು ಶಾಲೆಯವರು ಬಿಡುವುದಿಲ್ಲವೆಂದು, ಜನರಲ್ ಕ್ವಿಲ್‌ನ ಚೀಟಿಯನ್ನು ತನ್ನ ಟೋಪಿಗೇ ಅಂಟಿಸಿಕೊಂಡಿದ್ದವಳು.

"ಇಂಗ್ರಿಡ್, ಸಂಜೆ ಟಿಲ್ಡಾ ನಮ್ಮನೇಲಿರ್ಲಿ ಬಿಡೇ. ನನ್ನ ದೊಡ್ಡ ಮಗಳು ನೋಡ್ಕೋತಾಳೆ. ನೀನು ಕೈ ಬೀಸ್ಕೊಂಡು ಬಾ."

ಇದು ಮೂರನೆಯ ಬಣ. ಇನ್ನು ಯಾರೂ ಬಾಕಿಯಿಲ್ಲ. "ಬೇಡ ಕಣೇ, ನನ್ನ ತಂಗಿ ಬರ್ತಿದಾಳೆ," ಎಂದಳು ಇಂಗ್ರಿಡ್.

"ಟಿಲ್ಡಾ," ಎಂದು ರೊಸಾಲಿಯಾ ಅತ್ತ ತಿರುಗಿ ಕೇಳಿದ್ದು ಫೋನಿನಲ್ಲೇ ಕೇಳಿಸಿತು, "ನಿಂಗೆ ಚಿಕ್ಕಮ್ಮ ಇದಾರಾ?"

"ಇಲ್ಲ" ಎಂಬ ಉತ್ತರ ಬಂತು. ನಿಂತ ಬಸ್ಸಿನಲ್ಲಿದ್ದ ಇಪ್ಪತ್ತು ಮಕ್ಕಳೂ ಒಟ್ಟಿಗೇ ಕೊಟ್ಟ ಉತ್ತರ.

ಹೀಗೆ, ಸುಳ್ಳುಗಾತಿಯೆಂದು ಬಯಲಾಗಿ, ಮಗಳ ಕೈ ಹಿಡಿದು ಇಂಗ್ರಿಡ್ ಆರೂಮುಕ್ಕಾಲಿಗೆ ಶಾಲೆ ತಲುಪಿದಳು. ಬಾಗಿಲಲ್ಲಿ ಪುಸ್ತಕದಲ್ಲಿ ಹೆಸರು ಬರೆದಳು. ಒಳಗೆ ಕಾಲಿಟ್ಟರೆ, ಗೋಡೆಯ ಪಕ್ಕದ ಬೆಂಚಿನ ಮೇಲೆ ಆ ಮೂವರೂ ಒಟ್ಟಿಗೆ ಕೂತಿದ್ದರು. ಮೂರು ಅಭ್ಯರ್ಥಿಗಳ ಮೂರು ಬಿಲ್ಲೆ, ನಡುವೆ ಒಂದೇ ಫ್ಲಾಸ್ಕು. ಅದರ ಮುಚ್ಚಳದಲ್ಲಿ ಸರದಿಯ ಮೇಲೆ ಕಾಫಿ ಹೀರುತ್ತಿದ್ದರು.

ಇಂಗ್ರಿಡ್ ನೇರ ಎದುರು ಹೋಗಿ ನಿಂತಳು. "ಮೂವರೂ ಇದೀರಿ. ಈಗ ಹೇಳಿ, ನಾನು ಯಾವ ಮೂಲೇಲಿ ನಿಲ್ಬೇಕು?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದನ್ನ ನಾವ್ಯಾಕೆ ಹೇಳ್ಬೇಕು?" ಎಂದ ವರ್ನನ್.

"ನಿನ್ನ ಕಾಲು, ನಿನ್ನ ಮೂಲೆ," ಎಂದಳು ಡೊರೀನ್. "ನನ್ನ ಸ್ವಂತ ಗಂಡನೇ ಮೂವತ್ತೆಂಟು ವರ್ಷದಿಂದ ಎದುರು ಮೂಲೇಲಿ ನಿಲ್ತಾನೆ. ನಾನೇನು ಅನ್ನ ಹಾಕ್ದೆ ಬಿಟ್ಟಿದೀನಾ?"

"ವೋಟು ಕೇಳೋಕೆ ಅಂದ್ಕೊಂಡ್ಯೇನೇ?" ಎಂದಳು ರೊಸಾಲಿಯಾ. ಅವಳ ಮುಖದಲ್ಲಿ ನೋವು ನಿಜವಾಗಿಯೇ ಇತ್ತು.

ಇಂಗ್ರಿಡ್‌ಗೆ ನಾಚಿಕೆಯಾಯಿತು. ನಾಲ್ಕು ತಿಂಗಳು ಫ್ರಿಜ್ಜಿನ ಬಾಗಿಲ ಮೇಲೆ ದೂರದ ಮೂವರನ್ನು ತೂಗಿದ್ದಳು. ಹತ್ತಿರದ ಈ ಮೂವರಿಗೆ ಆ ಕಾಗದದಲ್ಲಿ ಒಂದು ಸಾಲೂ ಇಟ್ಟಿರಲಿಲ್ಲ. ಯಾರು ಗೆದ್ದರೂ ನಾಳೆ ಕಾರು ಹೂತರೆ ಸರಪಳಿ ತರುವವನು ವರ್ನನ್ನೇ. ಆ ಕ್ಷಣದಲ್ಲಿ ತನ್ನ ಮೂಲೆಯೂ ಅವಳಿಗೆ ತಾನಾಗಿ ಹೊಳೆಯಿತು: ಹ್ಯಾಲ್‌ಸ್ಟೆಡ್. ಇಷ್ಟು ಒಳ್ಳೆಯವರ ಮೇಲಿನ ಭಾರವನ್ನು ಇಳಿಸಲಿಕ್ಕಾದರೂ ಊರಿಗೊಂದು ಶಿಶುಪಾಲನಾ ಕೇಂದ್ರ ಬೇಕು. ಮನಸ್ಸು ಹಗುರಾಯಿತು. ಹಗುರಾದ ಮನಸ್ಸು ಮಾಡುವ ಕೆಲಸವನ್ನೇ ಅದೂ ಮಾಡಿತು. ಅವಳನ್ನು ಬೆಂಚಿನ ಮೇಲೆ ಹತ್ತಿಸಿತು.

"ಎಲ್ಲರೂ ಒಂದು ನಿಮಿಷ ಕೇಳಿ," ಎಂದಳು. ಬೀಜದ ಯಂತ್ರಗಳ ಸದ್ದಿನ ನಡುವೆ ಪಳಗಿದ ಅವಳ ದನಿ ಹಾಲಿನ ಆ ತುದಿಗೂ ಮುಟ್ಟಿತು. "ಬೆಳಿಗ್ಗೆಯಿಂದ ನನ್ನ ನೆರೆಯವರನ್ನ ಅನುಮಾನಿಸಿದೆ. ತಪ್ಪಾಯ್ತು. ಈ ಊರಿಗೆ ನನ್ನಿಂದ ಏನಾಗ್ಬೇಕೋ ಹೇಳಿ. ಇಲ್ಲ ಅನ್ನಲ್ಲ."

ವರ್ನನ್ ನಿಧಾನವಾಗಿ ಎದ್ದು, ಇಪ್ಪತ್ತನಾಲ್ಕು ವರ್ಷದಿಂದ ಕೊರಳಲ್ಲಿದ್ದ ಸೀಟಿಯನ್ನು ತೆಗೆದು ಅವಳ ಕೊರಳಿಗೆ ಹಾಕಿದ.

"ಸಭೆಯ ಅಧ್ಯಕ್ಷತೆಗೆ ಇಂಗ್ರಿಡ್ ಸ್ಟ್ರಾಂಡ್ ಹೆಸರು ಸೂಚಿಸ್ತೀನಿ," ಎಂದ. ಅವನ ದನಿ ಈಗ ಗಂಟೆ ಹೊಡೆದಷ್ಟು ಸ್ಪಷ್ಟವಾಗಿತ್ತು.

"ಅನುಮೋದಿಸ್ತೀನಿ," ಎಂದಳು ಡೊರೀನ್, ಅವನ ವಾಕ್ಯ ಮುಗಿಯುವ ಮೊದಲೇ.

ರೊಸಾಲಿಯಾ ಬೆಂಚಿನ ಕೆಳಗಿನಿಂದ ಸಭೆಯ ಲೆಕ್ಕಪತ್ರಗಳ ತಗಡಿನ ಪೆಟ್ಟಿಗೆಯನ್ನು ಎಳೆದಳು. ಅದರ ಮೇಲೆ ಇಂಗ್ರಿಡ್‌ಳ ಹೆಸರು ಆಗಲೇ ಅಚ್ಚಾಗಿ ಅಂಟಿತ್ತು. ಅಂಟು ಒಣಗಿ ಎರಡು ದಿನವಾದ ಹಾಗಿತ್ತು.

"ನಾನು ಮಾರ್ಚಲ್ಲಿ ಅರಿಜೋನಾಕ್ಕೆ ಹೋಗ್ತಿದೀನಮ್ಮ," ಎಂದ ವರ್ನನ್. "ಮೂರು ಕಡೆಯವರೂ ನಂಬೋ ಅಂಥವರು, ಎಣಿಸೋಕೆ ಬರೋವಂಥವರು, ಊರಲ್ಲಿ ನೀನೊಬ್ಬಳೇ ಇರೋದು. ಯಾವ ಕಡೆಯವಳು ಅಂತ ನಾಲ್ಕು ತಿಂಗಳಾದ್ರೂ ಯಾರಿಗೂ ಗೊತ್ತಾಗಿಲ್ಲ. ಪೆಟ್ಟಿಗೆ ನಾಲ್ಕು ವರ್ಷ ನಿಮ್ಮನೇಲೇ ಇರುತ್ತೆ. ಬೇಸಿಗೇಲಿ ಎರಡು ಶನಿವಾರ ಜಿಲ್ಲಾ ಸಭೆ. ಅಷ್ಟೇ."

"ಹಾಗಾದ್ರೆ ಹಿಮ?" ಎಂದಳು ಇಂಗ್ರಿಡ್. "ಕ್ಯಾಸರೋಲು?"

"ಎರಡು ಮಾಡ್ಬೇಕಾಯ್ತು," ಎಂದಳು ಡೊರೀನ್.

ಇಲ್ಲ ಅನ್ನಲ್ಲ ಎಂಬ ಮಾತು ಇನ್ನೂ ಹಾಲಿನ ಚಾವಣಿಯಲ್ಲೇ ತೂಗುತ್ತಿತ್ತು. ಜನ ಆಗಲೇ ಚಪ್ಪಾಳೆ ತಟ್ಟಿಬಿಟ್ಟಿದ್ದರು.

ಹಿಡಿದ ಕೆಲಸವನ್ನು ಅರೆಮನಸ್ಸಿನಿಂದ ಮಾಡುವುದು ಇಂಗ್ರಿಡ್‌ಗೆ ಬರುವುದಿಲ್ಲ. ನಿಯಮ ಓದಿದಳು. ಮೂಲೆಗಳನ್ನು ತೋರಿಸಿದಳು. ಸೀಟಿ ಊದಿದ ಮೇಲೆ ಯಾರೂ ಒಂದು ಹೆಜ್ಜೆ ಕದಲಕೂಡದೆಂದಳು. ವಯಸ್ಸಾದವರಿಗೆ ಕುರ್ಚಿ ಹಾಕಿಸಿದಳು, ಜಗಳ ಬಿಡಿಸಿದಳು, ಕೈಗಡಿಯಾರ ನೋಡಿ ಸರಿಯಾದ ಗಳಿಗೆಗೆ ಸೀಟಿ ಊದಿದಳು. ಡೊರೀನಳ ಗಂಡ ಹಾರ್ಲನ್ ಮೂವತ್ತೆಂಟು ವರ್ಷದಲ್ಲಿ ಮೊದಲ ಬಾರಿ ಮನಸ್ಸು ಕರಗಿ, ಹೆಂಡತಿಯ ಮೂಲೆಯತ್ತ ಒಂದು ಕಾಲು ಎತ್ತಿದ್ದ.

"ಹಾರ್ಲನ್ ಅವರೇ, ಕಾಲು ವಾಪಸ್ ಇಡಿ."

"ಅರ್ಧ ನಿಮಿಷ ಕಣಮ್ಮ, ಹೆಂಡ್ತಿ ಹತ್ರ."

"ಸೀಟಿ ಅಂದ್ರೆ ಸೀಟಿ. ಯಾರಿಗೂ ವಿನಾಯಿತಿ ಇಲ್ಲ."

ಹಾರ್ಲನ್ ಕಾಲು ಹಿಂತೆಗೆದ. ಇಂಗ್ರಿಡ್ ಎಣಿಸಿದಳು. ಮಾರ್ಲೋ ನಲವತ್ತಾರು, ಹ್ಯಾಲ್‌ಸ್ಟೆಡ್ ಮೂವತ್ತೆಂಟು, ಕ್ವಿಲ್ ಇಪ್ಪತ್ತೇಳು. ಒಟ್ಟು ನೂರ ಹನ್ನೊಂದು. ಬಾಗಿಲ ಪುಸ್ತಕದಲ್ಲಿ ನೂರ ಹನ್ನೆರಡು ಹೆಸರು.

ಮತ್ತೆ ಎಣಿಸಿದಳು. ನೂರ ಹನ್ನೊಂದು. ಅವಳ ಹುಬ್ಬು ಗಂಟಿಕ್ಕಿತು. ಬೆಂಚಿನ ಮೇಲೆ ನಿಂತು ಬಿಟ್ಟುಕೊಟ್ಟಿದ್ದ ಅನುಮಾನ ಬಡ್ಡಿ ಸಮೇತ ಮರಳಿತು. ಹಾಜರಿ ಕೂಗಿಸಿಬಿಡೋಣ ಎಂದ ವರ್ನನ್‌ಗೆ, ಎಣಿಕೆ ನನ್ನ ಕೆಲಸ ಎಂದಳು. ಕ್ವಿಲ್ ಕಡೆಯವರ ಕುರ್ಚಿಗಳ ಹಿಂದೆ ನೋಡಿದಳು, ಶೌಚಾಲಯದ ಬಾಗಿಲು ಬಡಿದಳು, ಪರದೆ ಎತ್ತಿದಳು.

"ಯಾರೋ ಒಬ್ರು ಹೆಸರು ಬರೆದು ತಪ್ಪಿಸ್ಕೊಂಡಿದೀರಿ," ಎಂದಳು. "ಈ ಹಾಲ್ ಬಿಟ್ಟು ಹೋಗಿಲ್ಲ. ತಾವಾಗಿ ಮುಂದೆ ಬಂದ್ರೆ ಒಳ್ಳೇದು."

ಯಾರೂ ಮುಂದೆ ಬರಲಿಲ್ಲ. ಮೂರು ಮೂಲೆಗಳೂ ಒಂದನ್ನೊಂದು ದುರುಗುಟ್ಟಿ ನೋಡತೊಡಗಿದವು. ಬೆಂಚಿನ ಮೇಲೆ ಆಲೂಗಡ್ಡೆ ಕ್ಯಾಸರೋಲು ತಿನ್ನುತ್ತಿದ್ದ ಟಿಲ್ಡಾ ಚಮಚ ನೆಕ್ಕಿ ಕೇಳಿದಳು:

"ಅಮ್ಮಾ, ನೀನೂ ಹೆಸರು ಬರೆದ್ಯಲ್ಲ. ನಿನ್ನ ಮೂಲೆ ಯಾವ್ದು?"

ಇಂಗ್ರಿಡ್ ಹಾಲಿನ ನಟ್ಟನಡುವೆ ನಿಂತಿದ್ದಳು. ಹ್ಯಾಲ್‌ಸ್ಟೆಡ್ ಮೂಲೆ ಅವಳಿಂದ ಹದಿನಾಲ್ಕು ಹೆಜ್ಜೆ. ಒಂದು ಕಾಲು ತಾನಾಗಿ ಎದ್ದಿತು.

"ಸೀಟಿ ಅಂದ್ರೆ ಸೀಟಿ," ಎಂದ ಹಾರ್ಲನ್.

ನಾಲ್ಕು ತಿಂಗಳು ತೂಗಿ, ತೂಗಿ, ಕೊನೆಗೆ ಗಟ್ಟಿಯಾದ ಆ ಒಂದು ಮತವನ್ನು ಇಂಗ್ರಿಡ್ ತನ್ನ ಕೈಯಾರೆ, ಫಲಿತಾಂಶದ ಹಾಳೆಯ ಮೇಲೆ ದುಂಡಗಿನ ಅಕ್ಷರದಲ್ಲಿ, 'ಯಾರ ಪರವೂ ಅಲ್ಲ: ಒಂದು' ಎಂದು ಬರೆದು ರುಜು ಹಾಕಿದಳು.

ಮರುದಿನ ಬೆಳಿಗ್ಗೆ ಆರೂಕಾಲಿಗೆ ಬಾಗಿಲು ತೆರೆದಾಗ ಮತ್ತೆ ಐದು ಅಂಗುಲ ಬಿದ್ದಿತ್ತು. ವರ್ನನ್‌ನ ಯಂತ್ರ ಅವನ ಅಂಗಳವನ್ನು ಬೇಲಿಯವರೆಗೆ, ಗೆರೆ ಹೊಡೆದಂತೆ, ಒಂದು ಕೂದಲೆಳೆಯಷ್ಟೂ ಆಚೆ ದಾಟದೆ ಬಳಿದಿತ್ತು. ಅವನಿಗೆ ಬೇಲಿ ಮತ್ತೆ ಕಾಣತೊಡಗಿತ್ತು.

ಇಂಗ್ರಿಡ್ ಸಲಿಕೆ ಎತ್ತಿಕೊಂಡಳು. ಒಳಗೆ ಊಟದ ಮೇಜಿನ ಕೆಳಗೆ ತಗಡಿನ ಪೆಟ್ಟಿಗೆ ನಾಲ್ಕು ವರ್ಷಕ್ಕೆ ತಯಾರಾಗಿ ಕೂತಿತ್ತು. ತನ್ನ ದಾರಿಯನ್ನು ಹಾಗೆಯೇ ಬಿಟ್ಟು ಅವಳು ಬೀದಿಯ ತುದಿಗೆ ನಡೆದಳು. ಅಲ್ಲಿ ಹೋದ ತಿಂಗಳು ಬಂದ ಹೊಸ ಸಂಸಾರ. ಹೆಂಡತಿ ಬ್ಯಾಂಕಿನಲ್ಲಿ ನೋಟು ಎಣಿಸುವವಳೆಂದು ಯಾರೋ ಹೇಳಿದ್ದರು. ಇಂಗ್ರಿಡ್ ಅವರ ಗ್ಯಾರೇಜಿನ ಮುಂದಿನ ಹಿಮವನ್ನು ಅಚ್ಚುಕಟ್ಟಾಗಿ ತೆಗೆಯತೊಡಗಿದಳು.

ಕಿಟಕಿಯ ಪರದೆ ಸರಿಯಿತು. ಮಗುವನ್ನು ಎತ್ತಿಕೊಂಡ ಹೆಂಗಸು ಬಾಗಿಲು ಅರ್ಧ ತೆರೆದು ಕಣ್ಣು ಕಿರಿದು ಮಾಡಿದಳು.

"ಯಾಕೆ ತೆಗೀತಿದೀರಿ?"

"ಸಲಿಕೆ ಹೇಗೂ ಕೈಯಲ್ಲಿತ್ತು," ಎಂದಳು ಇಂಗ್ರಿಡ್.