ಕಾಕಾ ಅಚ್ಚು ಹಾಕಿದ ಬೀದಿ

ಬ್ಯಾಡಗಿಯ ಒಂದು ಇಡೀ ಬೀದಿಯನ್ನು ಒಂದೇ ದಿನದಲ್ಲಿ ಎಡಚರನ್ನಾಗಿ ಮಾಡಿದ ಮಹಾನುಭಾವ ಯಾರೆಂದು ಕೇಳಿದರೆ ನಾನು ಮಾತು ಬದಲಿಸುತ್ತೇನೆ. ಏನು ಮಾಡಲಿ? ಅವರು ನಮ್ಮ ಕಾಕಾ!

ಎಂಬತ್ತರ ದಶಕದ ಮಾತು. ಕಾಕಾ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. ಅವರ ಹೆಂಡತಿ ಕಾಕು ಮನೆಯ ಪಡಸಾಲೆಯಲ್ಲೇ ಖಾನಾವಳಿ ನಡೆಸುತ್ತಿದ್ದಳು. ನನಗಾಗ ಅದೇ ಊರಲ್ಲಿ ನೌಕರಿ, ಅವಳ ಕೈಯೂಟ. ಮೆಣಸಿನಕಾಯಿ ಪೇಟೆಯಿಂದ ಸೀನುತ್ತ ಬಂದವರು ರೊಟ್ಟಿ, ಝುಣಕ ಉಂಡು ಹರಸುತ್ತ ಹೋಗುತ್ತಿದ್ದರು. ಈ ಸುಖಕ್ಕೆ ಬೆಂಕಿ ಹಚ್ಚಿದ್ದು ಹಾವೇರಿಯ ರದ್ದಿ ಅಂಗಡಿಯಲ್ಲಿ ಕಾಕಾಗೆ ಸಿಕ್ಕ ಒಂದು ಪುಸ್ತಕ. ಇನ್ನೂರು ವರ್ಷದ ಹಿಂದೆ ಲಂಡನ್ನಿನ ಬೀದಿಗಳನ್ನು ಅಣಕಿಸಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ ಚಿತ್ರಗಳು ಅದರಲ್ಲಿ. ಮಾಳಿಗೆಯಿಂದ ಒಬ್ಬಳು ಸುರಿದ ಕೊಳೆನೀರು ಸಾಹುಕಾರನ ಚೌರಿಕೂದಲಿನ ಟೊಪ್ಪಿಗೆಗೆ ಅಭಿಷೇಕ. ಅವನು ಮೇಲೆ ನೋಡಿ ಬೈಯುವಷ್ಟರಲ್ಲಿ ಕಳ್ಳನ ಕೈ ಅವನ ಕಿಸೆಯಲ್ಲಿ!

"ಇದು ಲಂಡನ್ ಅಲ್ಲೋ ತಮ್ಮಾ, ನಮ್ಮ ಬ್ಯಾಡಗಿನ ಐತಿ. ಮೆಣಸಿನಕಾಯಿ ಘಾಟ ಒಂದ ಕಮ್ಮಿ! ನಾನೂ ಕೊರೀತೇನಿ ತಡಿ" ಅಂದರು.

ಕೊರೆದರು. ಎಲ್ಲಿ? ಕಾಕುವಿನ ಚಪಾತಿ ಮಣೆಯ ಹಿಂಬದಿಗೆ! ಗಡಿಬಿಡಿಯಲ್ಲಿ ಅವಳು ಮಣೆ ಮಗುಚಿಟ್ಟು ಲಟ್ಟಿಸಿದಾಗ ಚಪಾತಿಗೆ ಹೆಡ್ ಮಾಸ್ತರರ ಮೀಸೆ ಮೂಡಿತು. "ಕೂದಲಿರೋ ಚಪಾತಿ ಉಂಡೇನಿ, ಮೀಸಿ ಇದ್ದದ್ದು ಇದ ಮೊದಲ್ರಿ" ಅಂದ ಒಬ್ಬ ಗಿರಾಕಿ.

ಆಮೇಲೆ ದಪ್ಪ ಹಲಗೆ ತಂದು ನಮ್ಮ ಬೀದಿಯನ್ನೇ ಕೆತ್ತಿ, ಮಸಿ ಬಳಿದು, ಹಾಳೆಗಿಳಿಸಿ ಗೋಡೆಗೋಡೆಗೆ ಅಂಟಿಸಿದರು. ಹಾಲಿಗೆ ನೀರು ಬೆರೆಸುವವನು, ತಕ್ಕಡಿಗೆ ಬೆರಳು ಒತ್ತುವ ದಲಾಲ, ನೆಗಡಿಗೂ ಕಾಲುನೋವಿಗೂ ಒಂದೇ ಬಾಟಲಿಯ ಡಾಕ್ಟರು, ಎಲ್ಲರೂ ಹಾಜರು. ಆದರೆ ಹಲಗೆಯ ಬಲಗೈ ಹಾಳೆಯಲ್ಲಿ ಎಡಗೈ ಆಗುತ್ತದೆಂಬುದು ಇಪ್ಪತ್ತು ವರ್ಷ ಡ್ರಾಯಿಂಗ್ ಕಲಿಸಿದವರಿಗೆ ಹೊಳೆಯಬೇಡವೇ?

ಬೀದಿ ಎದ್ದು ನಿಂತಿತು. "ನೀರ ಬೆರಸೂದು ಬ್ಯಾರೆ ಮಾತ್ರಿ. ಎಡಗೈಲೆ ಯಾರಿಗರೆ ಹಾಲ ಹಾಕೇನೇನು ನಾ?" ಎಂದು ಹಾಲಿನವನು ಕಣ್ಣೀರಿಟ್ಟ!

ಅವರ ಗೋಳು ಇರಲಿ. ಆ ಚಿತ್ರದಲ್ಲಿ ಅಣಕಕ್ಕೆ ಸಿಗದವಳು ಕಾಕು ಒಬ್ಬಳೇ. ಬಾಗಿ ರೊಟ್ಟಿ ಬಡಿಸುತ್ತಿದ್ದಳು. ಎಡಗೈಯಿಂದ. ಮರುದಿನ ಗುತ್ತಲದ ಗಿರಾಕಿಯೊಬ್ಬ, "ಅಕ್ಕಾರ, ಇವತ್ತ ಯಾವ ಕೈಲೆ ಬಡಸ್ತೀರಿ?" ಅಂದ. ಪಂಕ್ತಿಯೇ ನಕ್ಕಿತು. ಕಾಕು ರೊಟ್ಟಿಬುಟ್ಟಿ ಕೆಳಗಿಟ್ಟಳು.

"ಉಣ್ಣಾಕ ಹಾಕೋ ಕೈಗೆ ಮಾನ ಇಲ್ಲೇನು? ಈ ಅಮಾಸಿಗೆ ಒಲಿ ಆರಸ್ತೇನಿ. ಖಾನಾವಳಿ ಸಾಕು."

ಆಡಿದ್ದು ನನ್ನೆದುರು. ಗಂಡನೊಂದಿಗೆ ಮಾತೇ ಬಂದ್. ಆ ಪುಣ್ಯಾತ್ಮರೋ, "ಲಂಡನ್ನಿನ್ಯಾಗೂ ಎಡಚರ ಅದಾರ, ನೋಡು" ಎಂದು ಪುಸ್ತಕ ತೋರಿಸಿದರು! ನನ್ನ ಮೈ ಉರಿಯಿತು. ಸಾಲದ್ದಕ್ಕೆ, ದಾಡಿ ಮಾಡುವ ಕನ್ನಡಿ, ಹಲಗೆ, ಉಳಿ ಹಿಡಿದು ಖಾನಾವಳಿಯ ಮೂಲೆಯಲ್ಲಿ ಕುಳಿತರು, ಅವಳಿಗೆ ಬೆನ್ನು ಮಾಡಿ! ನಾಲ್ಕು ದಿನ! ಹೆಂಡತಿಯ ಮುಖ ನೋಡಲಿಕ್ಕೂ ಆಗದಷ್ಟು ಸೊಕ್ಕೇ?

"ನಾಚಿಕಿ ಬರೂದಿಲ್ಲೇನು ಕಾಕಾ?" ಎಂದು ಕನ್ನಡಿ ಕಸಿಯಲು ಹೋದೆ. ಕನ್ನಡಿಯ ತುಂಬ ಕಾಕು ಇದ್ದಳು.

"ಅಲ್ಲಾಡಸಬ್ಯಾಡೋ" ಅಂದರು ಮೆಲ್ಲಗೆ. "ಉಲ್ಟಾ ನೋಡಿ ಕೊರದ್ರ ಸುಲ್ಟಾ ಬರ್ತದ. ಈ ಸಲ ತಪ್ಪಬಾರ್ದು."

ಹಳೆಯ ಹಲಗೆಯಲ್ಲಿ ಅವಳಿದ್ದಷ್ಟು ಜಾಗ ಕಿತ್ತು, ಹೊಸ ತುಂಡು ಕೂರಿಸಿ, ಅಮಾವಾಸ್ಯೆಯ ಹಿಂದಿನ ಮಧ್ಯಾಹ್ನ ಖಾನಾವಳಿಯ ಬಾಗಿಲಿಗೆ ಒಂದೇ ಹಾಳೆ ಅಂಟಿಸಿದರು. ಬೀದಿಯೆಲ್ಲ ಮೊದಲಿನಂತೆ ಎಡಗೈ. ಕಾಕು ಒಬ್ಬಳದೇ ಬಲಗೈ.

"ಮಾಸ್ತರ, ನಮ್ಮ ಕೈ?" ಎಂದ ಹಾಲಿನವನು.

"ನೀರ ಬೆರಸೂದ ಬಿಡು, ತಿದ್ದತೇನಿ."

ಕಾಕು ಹಿಟ್ಟಿನ ಕೈಯಲ್ಲೇ ಹೊರಬಂದು ಬಹಳ ಹೊತ್ತು ನೋಡಿದಳು. ಚಿತ್ರದ ಮುಂಗೈ ಮೇಲೆ ಬಳೆಯ ಪಕ್ಕ ಒಂದು ಸಣ್ಣ ಗೀರು ಇತ್ತು. ರೊಟ್ಟಿ ಬೇಯಿಸುವ ಹಂಚು ತಾಗಿ ಸುಟ್ಟದ್ದು; ನಮಗ್ಯಾರಿಗೂ ಅವಳು ಹೇಳಿರಲಿಲ್ಲ.

"ಇದನ್ನ ಯಾವಾಗ ನೋಡಿದ್ರಿ?" ಎಂದಳು ಗಂಡನಿಗೆ.

ಊರಿಗೆಲ್ಲ ಉತ್ತರ ಕೊಡುವ ಕಾಕಾ ಕಿಸೆಯಿಂದ ದಾಡಿಯ ಕನ್ನಡಿ ತೆಗೆದು ಅಂಗಿಗೆ ಒರೆಸತೊಡಗಿದರು. ಅವಳು ಒಳಗೆ ಹೋಗಿ ತಾಟು ಹಾಕಿದಳು.

"ಕುಂದ್ರಿ" ಅಂದಳು. "ಈ ಕಡೆ ಮಾರಿ ಮಾಡಿ."