ಸಲಗದ ಊಟ ವಿಚಾರಿಸಿದವನು

ಕಾಡಾನೆಯ ಎದುರು ನಿಂತು, ಎರಡು ಕೈ ಜೋಡಿಸಿ, "ಉಂಡ್ಯೇನ್ಲಾ?" ಎಂದು ಯೋಗಕ್ಷೇಮ ವಿಚಾರಿಸಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಹದಿನೇಳು ದಿನ ಅವನ ಪಕ್ಕದಲ್ಲಿ ಕೂತು ಉಂಡಿದ್ದೇನೆ. ಇದನ್ನು ಬರೆಯುವಾಗಲೂ ನನ್ನ ಅಂಗೈ ಬೆವರುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಅಚ್ಚಿನ ಮನೆಯವರು ಮನ್ನಿಸಬೇಕು.

ಆಗ ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಬೇಸಗೆ ರಜೆಗೆ ಹನಗೋಡಿನ ಅಜ್ಜಿಯ ಮನೆಗೆ ಬಂದಿದ್ದೆ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಬಿಳಿಯರೆಲ್ಲ ಹೊರಟುಹೋದರು ಎಂದು ನಾವು ನಿಶ್ಚಿಂತೆಯಿಂದಿದ್ದರೆ, ಒಬ್ಬ ಸೈಕಲ್ಲಿನ ಮೇಲೆ ವಾಪಸು ಬಂದ! ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಖಾಕಿ ಚಡ್ಡಿ, ಬಿಸಿಲಿಗೆ ಬೆಂದು ಟೊಮ್ಯಾಟೊ ಆದ ಮೂಗು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೊರಟವನು ದಾರಿ ತಪ್ಪಿ, ನಮ್ಮ ಜಗಲಿಯ ಮುಂದೆ ಚೈನು ಕಡಿದುಕೊಂಡು ನಿಂತಿದ್ದ. ಒಂದು ಲೋಟ ನೀರು ಕೇಳಿದ. ಅಜ್ಜಿ ನೀರಿನ ಜೊತೆ ಬೆಲ್ಲ ಕೊಟ್ಟಳು. ಬೆಲ್ಲದ ರುಚಿ ನೋಡಿದವನು ಸೈಕಲ್ಲನ್ನು ಗೋಡೆಗೆ ಒರಗಿಸಿಯೇಬಿಟ್ಟ.

ಅವನ ಹುಚ್ಚು ಒಂದೇ: ನಾವು ಮಾಡಿದ್ದನ್ನೆಲ್ಲ ತಾನೂ ಮಾಡಬೇಕು! ನಾವು ಹಣೆಗೆ ವಿಭೂತಿ ಇಟ್ಟರೆ ಅವನೂ ಇಟ್ಟ. ಕೆಂಪು ಹಣೆಯ ಮೇಲೆ ಅದು ಸುಣ್ಣ ಬಳಿದ ಹೆಂಚಿನಂತೆ ಕಂಡಿತು. ಮೊದಲ ದಿನ ಮುದ್ದೆಯನ್ನು ಕಚಕಚ ಅಗಿದ. ಅಜ್ಜಿ, "ಅಗೀಬ್ಯಾಡ ಕಣ್ಲಾ ಹೈದ, ನುಂಗು!" ಎಂದು ಗಂಟಲು ತೋರಿಸಿದಳು. ನುಂಗಿದ. ಕಣ್ಣಲ್ಲಿ ನೀರು ಬಂತು, ಆದರೂ ಗೆದ್ದವನಂತೆ ನಕ್ಕ. ನುಂಗುವುದೇ ಈ ದೇಶದ ಊಟದ ಪದ್ಧತಿ ಎಂದು ತೀರ್ಮಾನಿಸಿ, ಮರುದಿನ ಇಡೀ ಹೋಳಿಗೆಯನ್ನು ಮಡಚಿ ನುಂಗಲು ಹೋದ! ಬೆನ್ನಿಗೆ ಗುದ್ದಿ ಗುದ್ದಿ ನನ್ನ ಕೈ ನೋವಾಯಿತು.

ಕನ್ನಡವನ್ನು ಯಾರಿಂದ ಕಲಿತ ಅನ್ನುತ್ತೀರಿ? ಬಿ.ಎ. ಓದುವ ನನ್ನಿಂದಲ್ಲ, ದನ ಮೇಯಿಸುವ ಮಾದಜ್ಜನಿಂದ! ಹಾಗಾಗಿ ಅವನ ಕನ್ನಡದಲ್ಲಿ ಎಲ್ಲರೂ 'ಲಾ'. ಒಂದು ದಿನ ಕಂದಾಯದ ಶೇಕದಾರರು ನಮ್ಮ ಜಗಲಿಗೆ ಬಂದರು. ಊರಿಗೆ ಊರೇ ಸೊಂಟ ಬಗ್ಗಿಸಿ ನಿಂತಿತ್ತು. ಇವನು ಒಳಗಿನಿಂದ ಬಂದವನೇ ಕೈ ಮುಗಿದು, "ಉಂಡ್ಯೇನ್ಲಾ?" ಎಂದ! ಶೇಕದಾರರು ಖಾಕಿ ಚಡ್ಡಿ ನೋಡಿದರು, ಬಿಳಿ ಕಾಲು ನೋಡಿದರು. ಹಳೆಯ ಅಭ್ಯಾಸ ಎಲ್ಲಿ ಹೋದೀತು? ದಡಕ್ಕನೆ ಎದ್ದು ನಿಂತು, "ಆಯ್ತು ಸಾರ್" ಎಂದರು.

ಇನ್ನು ಆ ದಿನದ ಮಾತು.

ಹಿಂದಿನ ಸಂಜೆ ಮಾದಜ್ಜ ಜಗಲಿಯಲ್ಲಿ ಕೂತು, ಕಾಡಂಚಿನ ಕೆರೆಗೆ ಆನೆ ಇಳಿದಿದೆ, ಅದೂ ಒಂಟಿಸಲಗ, ಎಂದು ಹೇಳಿದ್ದ. ನಮ್ಮ ಹುಡುಗನಿಗೆ ಅರ್ಥವಾದದ್ದು 'ಆನೆ' ಮತ್ತು 'ಕೆರೆ' ಎರಡೇ. ಅವನು ಕಂಡಿದ್ದ ಆನೆ ಮೈಸೂರಿನದು: ಹಣೆಗೆ ಬಣ್ಣ, ಕೊರಳಿಗೆ ಗಂಟೆ, ಬಾಳೆಹಣ್ಣು ಕೊಟ್ಟರೆ ತಲೆಯ ಮೇಲೆ ಸೊಂಡಿಲಿಟ್ಟು ಆಶೀರ್ವಾದ!

ಬೆಳಿಗ್ಗೆ ನಾನು ಹೊಳೆಯಲ್ಲಿ ಸ್ನಾನ ಮಾಡಿ ಬರುವಷ್ಟರಲ್ಲಿ ಆಸಾಮಿ ಮಾಯ.

"ಒಂದ್ ಚಿಪ್ಪು ಬಾಳೆಹಣ್ ಕೊಡವ್ವ ಅಂದ, ಕೊಟ್ಟೆ. ಒಂಟೋದ" ಎಂದಳು ಅಜ್ಜಿ.

"ಎಲ್ಲಿಗೆ?"

"ಒಂಟೋರ್ನ ಎಲ್ಲಿಗೆ ಅಂತ ಕೇಳ್ತಾರೇನ್ಲಾ? ಅಪಶಕುನ ಕಣ!"

ಬೀದಿಗೆ ಓಡಿದೆ. ಎಲ್ಲರೂ ಅವನನ್ನು ನೋಡಿದ್ದರು. ಎಲ್ಲರನ್ನೂ ಅವನು ಉಂಡಿರಾ ಎಂದು ವಿಚಾರಿಸಿಕೊಂಡೇ ಹೋಗಿದ್ದ. ಆದರೆ ಯಾರೊಬ್ಬರೂ ಎಲ್ಲಿಗೆ ಎಂದು ಕೇಳಿರಲಿಲ್ಲ! ಊರ ಕೊನೆಯಲ್ಲಿ ಮಾದಜ್ಜ ಸಿಕ್ಕಿದ.

"ಕೆರೆ ಕಡೀಕ್ ತಿರುಗ್ದ ಕಣಪ್ಪ. ಕೇಳಕ್ ವೋದೆ, ಬಾಯ್ ಕಚ್ಕಂಡೆ."

"ಅಲ್ಲಿ ಸಲಗ ಇದೆ ಅಂತ ಹೇಳಬಾರದಿತ್ತಾ ಮಾದಜ್ಜ?"

"ಒಂಟಿರೋನ್ಗೆ ಅಂಥ ಕೆಟ್ಟ ಮಾತ್ ಆಡಾದಾ? ಓದ್ದೋರಾಗಿ ನೀವೇ ಇಂಗಂದ್ರೆ ಎಂಗಪ್ಪ!"

ಹೊರಟವನಿಗೆ ಕೆಡುಕಾಗದಿರಲಿ ಎಂದು ಇಡೀ ಊರು ಬಾಯಿ ಮುಚ್ಚಿಕೊಂಡು ಅವನನ್ನು ಸಲಗದ ಬಾಯಿಗೆ ಕಳಿಸಿತ್ತು! ಮಾದಜ್ಜನ ಕೈ ಹಿಡಿದು ಎಳೆದುಕೊಂಡೇ ಓಡಿದೆ.

ಕೆರೆ ಏರಿ ಹತ್ತಿದ್ದೇ ತಡ, ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಕೆರೆ ಬತ್ತಿ ಅಂಚೆಲ್ಲ ಕೆಸರು. ಆ ಕೆಸರಿನಲ್ಲಿ ನಮ್ಮ ಹುಡುಗ. ಅವನಿಂದ ಹತ್ತು ಮಾರು ದೂರದಲ್ಲಿ ಸಲಗ. ನಡುವೆ ಒಂದು ಚಿಪ್ಪು ಬಾಳೆಹಣ್ಣು! ಸಲಗ ಬೀಸುತ್ತಿದ್ದ ಕಿವಿ ನಿಲ್ಲಿಸಿತು.

"ಕಿವಿ ನಿಲ್ಲುಸ್ತು. ಸಿವಸಿವಾ, ಹೈದ ಕೆಟ್ಟ" ಎಂದು ಮಾದಜ್ಜ ಉಸಿರಿದ.

ಕೂಗಬೇಕೆಂದು ಬಾಯಿ ತೆರೆದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದ ಬಾಯಿ! ಗಾಳಿ ಬಿಟ್ಟರೆ ಏನೂ ಹೊರಡಲಿಲ್ಲ. ಆ ನಿಶ್ಶಬ್ದದಲ್ಲಿ, ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ, ಅವನ ದನಿ ಕೇಳಿತು: "ಉಂಡ್ಯೇನ್ಲಾ?"

ಸಲಗ ಘೀಳಿಟ್ಟಿತು. ಸೊಂಡಿಲು ಸುತ್ತಿಕೊಂಡು ನುಗ್ಗಿತು. ಒಂದು ಹೆಜ್ಜೆ, ಎರಡು, ಐದು... ಏರಿಯ ಮಣ್ಣು ನನ್ನ ಪಾದದಡಿ ನಡುಗಿತು. ನಾನು ಕಣ್ಣು ಮುಚ್ಚಲಿಲ್ಲ, ಮುಚ್ಚಲು ಬರಲಿಲ್ಲ. ಇಂದಿಗೂ ಊಟಕ್ಕೆ ಕೂತಾಗ, ಬಸ್ಸಿಗೆ ಕಾಯುವಾಗ, ಆ ಐದು ಹೆಜ್ಜೆ ನನ್ನೊಳಗೆ ನಡೆಯುತ್ತವೆ. ಆರನೆಯದು ಇಟ್ಟಿದ್ದರೆ?

ಇಡಲಿಲ್ಲ. ಹುಡುಗ ಮುಗಿದ ಕೈ ಬಿಡದೆ ನಿಂತೇ ಇದ್ದ. ಸಲಗ ನಾಲ್ಕು ಮಾರು ದೂರದಲ್ಲಿ ತಡೆದು ನಿಂತಿತು. ಅವನನ್ನು ಮೇಲಿಂದ ಕೆಳಗೆ ನೋಡಿತು. ಸೊಂಡಿಲಿನ ತುಂಬ ಕೆಸರು ಎತ್ತಿ ಅವನ ಮೋರೆಗೆ ಎರಚಿ, ತಿರುಗಿ, ಬಿದಿರ ಮೆಳೆಯೊಳಗೆ ನುಗ್ಗಿಹೋಯಿತು.

"ಓಡಿದ್ರೆ ತುಳ್ದಾಕ್ತಿತ್ತು. ಎಂಗ್ ನಿಂತ ನೋಡು! ಗಂಡೆದೆ ಕಣಪ್ಪ!" ಎಂದು ಮಾದಜ್ಜ ಅತ್ತೇಬಿಟ್ಟ.

ಹತ್ತಿರ ಹೋಗಿ ನೋಡಿದರೆ ಗಂಡೆದೆಯವನ ಎರಡೂ ಕಾಲು ಮೊಣಕಾಲುದ್ದ ಕೆಸರಿನಲ್ಲಿ ಹೂತಿದ್ದವು. ಓಡಬೇಕೆಂದು ಎಷ್ಟು ಒದ್ದಾಡಿದ್ದನೋ ಪಾಪ! ಇಬ್ಬರೂ ಸೇರಿ ಕಿತ್ತೆವು. ಹುಡುಗ ಬಂದ, ಎಡಗಾಲಿನ ಬೂಟು ಬರಲಿಲ್ಲ. ಕೆಸರು ಒರೆಸಿಕೊಂಡು ಹಣ್ಣಿನ ಕಡೆ ನೋಡಿ, "ಅದಕ್ಕೆ ಊಟ ಆಗಿತ್ತು ಅಂತ ಕಾಣುತ್ತದೆ" ಎಂದ, ಇಂಗ್ಲಿಷಿನಲ್ಲಿ.

ಸುದ್ದಿ ನಮಗಿಂತ ಮುಂಚೆ ಮನೆ ಮುಟ್ಟಿತ್ತು. ಅಜ್ಜಿ ಬಾಗಿಲಲ್ಲೇ ಹಿಡಿದಳು.

"ಬುದ್ಧಿ ಗಿದ್ಧಿ ಏನಾರ ಅದೇನ್ಲಾ ನಿಂಗೆ? ಅದೇನು ಸಾಕಿದ್ ಎಮ್ಮೇನ್ಲಾ? ಅಯ್ಯೋ, ನನ್ ಕೈಯಾರ ಬಾಳೆಹಣ್ ಕೊಟ್ ಕಳಿಸ್ದೆನಲ್ಲೋ! ನೀನ್ ಸತ್ತಿದ್ರೆ ನಿನ್ ಎತ್ತವ್ವಂಗೆ ಏನಂತ ಕಾಗ್ದ ಬರಸ್ತಿದ್ದೆ ನಾನು?"

ಅವನು ನನ್ನ ಕಡೆ ತಿರುಗಿದ. "ಏನು ಹೇಳುತ್ತಿದ್ದಾರೆ?"

"ನಿನ್ನ ಬಗ್ಗೆ ಕಾಳಜಿ ವ್ಯಕ್ತಪಡಿಸುತ್ತಿದ್ದಾರೆ."

"ಸುಳ್ಳು. ಇಷ್ಟು ಗಟ್ಟಿಯಾಗಿ ಯಾರೂ ಕಾಳಜಿ ವ್ಯಕ್ತಪಡಿಸುವುದಿಲ್ಲ. ಒಂದೂ ಬಿಡದೆ ಹೇಳು."

ಹೇಳಿದೆ. ಎಮ್ಮೆಗೆ ನಕ್ಕ. ತಾಯಿಗೆ ಕಾಗದ ಎಂದಾಗ ನಗು ನಿಂತಿತು. ಬರಿಗಾಲಿನ ಮೇಲೆ ಒಣಗುತ್ತಿದ್ದ ಕೆಸರನ್ನು ನೋಡುತ್ತ ಕೂತ.

"ಕಾಗದ ಬರೆಯುವ ಕೆಲಸ ಇರುತ್ತಿರಲಿಲ್ಲ ಅಂತ ಹೇಳು. ಯುದ್ಧದಲ್ಲಿ ನಮ್ಮ ಮನೆಯ ಮೇಲೆ ಬಾಂಬು ಬಿದ್ದಾಗ ನನಗೆ ಒಂಬತ್ತು ವರ್ಷ. ಆಮೇಲೆ ಹಾಸ್ಟೆಲು. ಅಲ್ಲಿ ಶಿಕ್ಷೆ ಕೊಡುತ್ತಿದ್ದರು, ಬಯ್ಯುತ್ತಿರಲಿಲ್ಲ." ಅಜ್ಜಿಯ ಕಡೆ ನೋಡಿ, "ಅವರಿಗೆ ನಿಲ್ಲಿಸಬೇಡಿ ಅಂತ ಹೇಳುತ್ತೀಯಾ?" ಎಂದ.

ಹೇಳಿದೆ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಬಿಸಿನೀರಿನ ಚೆಂಬು ತಂದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವನ ಕಾಲನ್ನು ಎಳೆದುಕೊಂಡು, ನೀರು ಹುಯ್ದು, ಕೆಸರನ್ನು ತಿಕ್ಕತೊಡಗಿದಳು.

"ನೀಡ್ಲಾ ಕಾಲ! ಸರಿಯಾಗ್ ನೀಡು, ಕತ್ತೆ ನನ್ ಮಗ್ನೇ!" ಎಂದು ಶುರು ಮಾಡಿದವಳು ಎರಡೂ ಕಾಲು ಮುಗಿಯುವವರೆಗೂ ನಿಲ್ಲಿಸಲಿಲ್ಲ. ಅದರಲ್ಲಿ ಒಂದು ಮಾತನ್ನೂ ನಾನು ಇಂಗ್ಲಿಷಿಗೆ ತರಲು ಹೋಗಲಿಲ್ಲ. ಅವನೂ ಕೇಳಲಿಲ್ಲ.