ಸೈಲಾವನ ಹೊಟ್ಟೆಗೆ ಕೊಬ್ಬು

ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಿಂದ ಬಂದ ಫೋನನ್ನು ಸೈಲಾವ್ ಅಂಗಳಕ್ಕೆ ಒಯ್ದು ಮಾತಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮಂಡಿನೋವಿನ ಮನುಷ್ಯ, ಏಳಲು ಬೇಸರ. ಅಡುಗೆಮನೆಯಲ್ಲಿ ಕೂತಲ್ಲೇ ಸ್ಪೀಕರ್ ಒತ್ತಿದ.

“ನಾಲ್ಕಕ್ಕೆ ಬನ್ನಿ,” ಎಂದಳು ನರ್ಸ್. “ನಿಮ್ಮ ಹೊಟ್ಟೆ ಕೊಬ್ಬಿನಿಂದ ಕಾಂಡಕೋಶ ತೆಗೆದು ಮಂಡಿಗೆ ಚುಚ್ತಾರೆ, ಗೊತ್ತಲ್ಲ? ತುಂಬಾ ಸಣ್ಣ ಇದೀರಿ ಅಂತ ಚೀಟೀಲಿ ಬರ್ದಿದೆ. ಕೊಬ್ಬು ಸಾಲದೇ ಹೋದ್ರೆ ಕಷ್ಟ.”

ಒಲೆಯ ಹತ್ತಿರ ಹೆಂಡತಿ ಬಾತಿಮಾ ಇದ್ದಳು, ಅದು ಸರಿ. ಉಪ್ಪು ಕೇಳಲು ಬಂದಿದ್ದ ಪಕ್ಕದ ಮನೆಯ ಶೊಲ್ಪಾನಳೂ ಇದ್ದಳು. ಒಂಬತ್ತು ಹೊಡೆಯುವಷ್ಟರಲ್ಲಿ, ಸೈಲಾವನ ಹೊಟ್ಟೆಯಲ್ಲಿ ಏನೂ ಇಲ್ಲವಂತೆ ಎಂಬುದು ತಲ್ಗಾರ್ ಊರಿನ ಆ ಬೀದಿಗೆಲ್ಲ ಗೊತ್ತಾಗಿತ್ತು.

ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ನಿವೃತ್ತನಾದ ಸೈಲಾವ್ ಬೇಲಿಗೂಟದಂಥ ಆಸಾಮಿ. ಬಲಮಂಡಿ ಸವೆದು ಎರಡು ವರ್ಷವಾಗಿತ್ತು. ಔತಣಗಳಲ್ಲಿ ಎಲ್ಲರ ಹಾಗೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಅದಕ್ಕೇ ಈ ಚಿಕಿತ್ಸೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದ. ಶುದ್ಧ ಸುಳ್ಳು. ಅವನ ಜೀವವೆಲ್ಲ ಇದ್ದದ್ದು ಅಣ್ಣನ ಲಾಯದಲ್ಲಿ ಕಟ್ಟಿದ್ದ ತನ್ನ ಬೂದು ಹೆಣ್ಣುಕುದುರೆಯ ಮೇಲೆ. ಇನ್ನು ಒಂದೇ ಒಂದು ಬೇಸಿಗೆ ಅದನ್ನೇರಿ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಬೇಕು, ಯಾರೂ ಕಾಣದ ಕಡೆ ನಾಗಾಲೋಟದಲ್ಲಿ ಬಿಡಬೇಕು. ಏಳು ಮೊಮ್ಮಕ್ಕಳ ಅಜ್ಜ ಇಂಥದ್ದನ್ನು ಹೇಳಿಕೊಳ್ಳುವುದುಂಟೆ? ನಗುತ್ತಾರೆ. ಹೆಂಡತಿಗೂ ಹೇಳಿರಲಿಲ್ಲ ಪುಣ್ಯಾತ್ಮ.

ಶೊಲ್ಪಾನ್ ಉಪ್ಪು ಮರೆತು ಮನೆಗೋಡಿ, ನಮ್ಮ ಕಡೆಯ ಕುರಿಗಳ ದಪ್ಪ ಬಾಲದ ಕೊಬ್ಬನ್ನು ಬೇಯಿಸಿದ್ದು ತಟ್ಟೆ ತುಂಬ ತಂದಳು.

“ಕಣ್ಮುಚ್ಚಿ ನುಂಗಿಬಿಡಿ ಅಣ್ಣ. ಸೀದಾ ಹೊಟ್ಟೆಗೆ ಹೋಗಿ ಕೂರುತ್ತೆ.”

“ಅಲ್ಲಮ್ಮ, ಇವತ್ತು ತಿಂದ್ರೆ ಇವತ್ತೇ...”

“ಸುಮ್ನೆ ತಿನ್ರೀ,” ಎಂದಳು ಬಾತಿಮಾ. “ನಿಮ್ಮಿಂದ ಡಾಕ್ಟರ ಮುಂದೆ ನನ್ನ ಮರ್ಯಾದೆ ಹೋಗುತ್ತೆ. ಹೆಂಡ್ತಿ ಅನ್ನೋಳು ಏನೂ ಹಾಕಲ್ವಾ ಅಂತಾರೆ.”

ಎದುರು ಮನೆಯ ಮುದುಕ ಜುಮಾಶ್ ಬಂದು ಕೂತು, ಗಡ್ಡ ನೀವಿಕೊಂಡು ಯೋಚಿಸಿದ. “ಇವನ ಹೊಟ್ಟೆ ಯಾಕೆ ಕೆರೀಬೇಕು? ಬಾಲದಿಂದಲೇ ತೆಗೆದು ಚುಚ್ಚಲಿ. ಕುರಿಗೆ ಮಂಡಿನೋವು ಬಂದದ್ದನ್ನ ಯಾರಾದ್ರೂ ಕಂಡಿದೀರಾ?”

ಯಾರೂ ಕಂಡಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಒಂದು ಹಸಿ ಬಾಲವನ್ನೂ ಕಾಗದದಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ಯಲು ಇಟ್ಟರು.

ಮಧ್ಯಾಹ್ನ ಅಣ್ಣ ತುಲೆಗೆನ್ ಬಂದ. ಎಪ್ಪತ್ತು ದಾಟಿದ ಭಾರೀ ಆಳು. ಕೈಯಲ್ಲಿ ಹಬೆಯಾಡುವ ಪಾತ್ರೆ, ಅದರಲ್ಲಿ ಕೊಬ್ಬು ಹೊಳೆಯುವ ಕುದುರೆಮಾಂಸ.

“ಕುರಿಕೊಬ್ಬು ಹೆಂಗಸರಿಗಾಯ್ತು. ಇದನ್ನ ತಿನ್ನು.”

“ಯಾವ ಕುದುರೇದಣ್ಣ?”

“ತಿನ್ನೋನಿಗೆ ಅದೆಲ್ಲ ಯಾಕೋ? ಅಂದಹಾಗೆ, ನಿನ್ನ ಕುದುರೆಗೂ ಇವತ್ತು ಒಂದು ದಾರಿ ಕಾಣಿಸ್ದೆ. ಎರಡು ವರ್ಷದಿಂದ ದಂಡಕ್ಕೆ ಹುಲ್ಲು ತಿಂತಿತ್ತು.”

ಸೈಲಾವ್ ಪಾತ್ರೆಯೊಳಗಿನ ಮಾಂಸವನ್ನೂ ಅಣ್ಣನ ಮುಖವನ್ನೂ ನೋಡಿದ. “ಅಣ್ಣ, ಆ ಕುದುರೆ ನಂಗೆ...” ಎಂದು ಬಾಯಿ ತೆರೆದ. ತೆರೆದ ಬಾಯಿಗೆ ತುಲೆಗೆನ್ ಒಂದು ಹಿಡಿ ಮಾಂಸ ತುರುಕಿದ. ಹಿರಿಯರು ತಮ್ಮ ಕೈಯಾರೆ ಬಾಯಿಗಿಟ್ಟದ್ದನ್ನು ಬೇಡ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಅಗಿದು ನುಂಗಿ ಮತ್ತೆ “ಅಣ್ಣ...” ಎಂದ. ತಮ್ಮನಿಗೆ ಹಸಿವು ಹೆಚ್ಚಿದೆ ಎಂದುಕೊಂಡು ಅಣ್ಣ ಇನ್ನೊಂದು ಹಿಡಿ ಇಟ್ಟ. ಪಾತ್ರೆ ಬರಿದಾಗುವವರೆಗೂ ಹೀಗೇ ನಡೆಯಿತು. ಸೈಲಾವನ ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು.

“ನೋಡಿ, ಕೊಬ್ಬು ಆಗ್ಲೇ ಕಣ್ಣಿಗೇರಿದೆ,” ಎಂದಳು ಶೊಲ್ಪಾನ್ ಸಮಾಧಾನದಿಂದ.

ನಾಲ್ಕಕ್ಕೆ ಬೀದಿಯ ಅರ್ಧ ಮಂದಿ ವ್ಯಾನಿನಲ್ಲಿ ಆಸ್ಪತ್ರೆಗೆ ಬಂದಿಳಿದರು. ಡಾಕ್ಟರ್ ಮಿರಾಸ್ ಇನ್ನೂ ಹುಡುಗುಮುಖದವನು. ಬಾಲವನ್ನೂ ಬಳಗವನ್ನೂ ಹೊರಗೇ ನಿಲ್ಲಿಸಿ, ಸೈಲಾವನ ಹೊಟ್ಟೆಯನ್ನು ಚಿವುಟಿ ನೋಡಿದ.

“ಸಾಕು ತಾತ. ನಮಗೆ ಬೇಕಾದಷ್ಟು ಕೊಬ್ಬು ಎಂಥ ಬಡಕಲಿನಲ್ಲೂ ಇರುತ್ತೆ. ಇವತ್ತು ತಿಂದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ.”

ಅಂದರೆ ಕುದುರೆ ಸತ್ತದ್ದೂ ದಂಡವಾಯಿತು. ಡಾಕ್ಟರು ಕೊಬ್ಬು ಹೀರಿದ, ಯಂತ್ರದಲ್ಲಿ ತಿರುಗಿಸಿದ, ಸೂಜಿಯಲ್ಲಿ ಮಂಡಿಗೆ ಇಳಿಸಿದ. ಸೈಲಾವನಿಗೆ ನೋವೂ ತಿಳಿಯಲಿಲ್ಲ. ಕೊನೆಗೆ ಮೆಲ್ಲನೆ ಕೇಳಿದ: “ಇದರಿಂದ ಕುದುರೆ ಹತ್ತೋ ಹಾಗೆ ಆಗ್ತಿತ್ತಾ ಡಾಕ್ಟ್ರೇ?”

“ಎಲ್ಲರಿಗೂ ಗುಣ ಆಗುತ್ತೆ ಅಂತ ಮಾತು ಕೊಡಲ್ಲ. ಆದ್ರೂ ನಿಮ್ಮ ಮಂಡಿ ಅಷ್ಟೇನೂ ಕೆಟ್ಟಿಲ್ಲ. ಮೂರು ತಿಂಗಳು ಬಿಟ್ಟು ಹತ್ತಿ ನೋಡಿ.”

ಅಷ್ಟರಲ್ಲಿ ಅಂಗಳದಲ್ಲಿ ಕುದುರೆ ಕೆನೆಯಿತು. ಆ ದನಿ ಅವನಿಗೆ ಗೊತ್ತು. ಊರುಗೋಲು ಹಿಡಿದು ಡಾಕ್ಟರ ಹಿಂದೆಯೇ ಹೊರಗೆ ಬಂದ.

ಬೂದು ಕುದುರೆ ಮೈತೊಳೆಸಿಕೊಂಡು, ಬಾಲ ಹೆಣೆಸಿಕೊಂಡು, ಹೊಸ ಜೀನು ಹೊತ್ತು ನಿಂತಿತ್ತು. ಸೈಲಾವನಿಗೆ ಹೋದ ಜೀವ ಬಂದಂತಾಯಿತು. ತಿಂದದ್ದು ಬೇರೆ ಯಾವುದೋ ಪಾಪದ ಕುದುರೆ. ಅಣ್ಣನನ್ನು ಅಪ್ಪಿಕೊಳ್ಳಬೇಕೆನಿಸಿತು.

ತುಲೆಗೆನ್ ಗಂಟಲು ಸರಿಮಾಡಿಕೊಂಡು, ಜರಿಯ ನಿಲುವಂಗಿಯೊಂದನ್ನು ಬಿಡಿಸಿ ಡಾಕ್ಟರ ಹೆಗಲಿಗೆ ಹೊದಿಸಿದ.

“ಉಪಕಾರ ಮಾಡಿದವರಿಗೆ ಅಂಗಿ ಹೊದಿಸಿ ಕುದುರೆ ಹತ್ತಿಸೋದು ನಮ್ಮ ಹಿರಿಯರ ಕ್ರಮ. ಇದು ನನ್ನ ತಮ್ಮ ಕೊಡೋ ಉಡುಗೊರೆ. ಚಕ್ಕಳಮಕ್ಕಳ ಹಾಕಿ ಕೂರೋನಿಗೆ ಕುದುರೆ ಯಾಕೆ? ತಗೋ ಸೈಲಾವ್, ನಿನ್ನ ಕೈಯಾರೆ ಕೊಡು.”

ಲಗಾಮು ಸೈಲಾವನ ಕೈಗೆ ಬಂತು. ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಡಾಕ್ಟರು ಬೇಡ ಬೇಡವೆಂದು ಎರಡು ಸಲ ಅಂದ. ಮೂರನೆಯ ಸಲ ಅನ್ನಲಿಲ್ಲ, ಚಿಕ್ಕಂದಿನಿಂದ ಅವನಿಗೂ ಕುದುರೆಯ ಆಸೆ. ಸೈಲಾವ್ ಲಗಾಮು ಕೊಟ್ಟ, ಡಾಕ್ಟರು ಕಾಲಿಟ್ಟು ಹತ್ತಲು ರಿಕಾಪನ್ನೂ ಹಿಡಿದ.

ಡಾಕ್ಟರ್ ಮಿರಾಸ್ ಮೇಲೇರಿ ಕೂತು, ಕುದುರೆಯ ಕತ್ತು ತಟ್ಟಿದ. “ನೀವೂ ಬೇಗ ಒಂದು ಕುದುರೆ ನೋಡ್ಕೊಳ್ಳಿ ತಾತ. ಹತ್ತಬೇಕು ಅಂತ ಆಸೆ ಪಟ್ರಲ್ಲ, ಬೇಸಿಗೇಲಿ ಇಬ್ರೂ ಹುಲ್ಲುಗಾವಲಿಗೆ ಹೋಗೋಣ.”

ತುಲೆಗೆನ್ ತಮ್ಮನ ಕಡೆ ತಿರುಗಿದ. ಅವನ ಮುಖ ನೋಡಿ ನಿಧಾನಕ್ಕೆ ವಿಷಯ ತಲೆಗೆ ಹೊಕ್ಕಿತು.

“ಅಯ್ಯೋ ಪೆದ್ದು ಮುಂಡೇದೆ,” ಎಂದ ತಗ್ಗಿದ ದನಿಯಲ್ಲಿ. “ಇಡೀ ಮಧ್ಯಾಹ್ನ ನಿನ್ನೆದುರಿಗೇ ಕೂತಿದ್ನಲ್ಲೋ. ಒಂದ್ಸಲ ಬಾಯಿ ಬಿಟ್ಟು ಹೇಳಬಾರದಿತ್ತಾ?”